ನಳಿಗೆಯ ಮೇಲೊಂದು ತೂತು: ರೈಫಲ್‌ನ ಗ್ಯಾಸ್ ಬ್ಲಾಕ್ ಬದಲಿಸಿದಾಗ ಬದಲಾಗುವುದೇನು

ಟೆಕ್ಸಸ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಸೋದರಳಿಯ ಈಚೆಗೆ ಒಂದು ರಾತ್ರಿ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದ. ಅಲ್ಲಿನ ಕಾನೂನಿನಂತೆ ಕೊಂಡುಕೊಂಡ ಎಆರ್-15 ಮಾದರಿಯ ರೈಫಲ್‌ನ ನಳಿಗೆ ಅದು. ಮೇಲಿನ ಕವಚ ಬಿಚ್ಚಿ, ನಳಿಗೆಯ ನಡುವೆ ಕೂತಿದ್ದ ಹೆಬ್ಬೆರಳು ಗಾತ್ರದ ಉಕ್ಕಿನ ತುಂಡೊಂದನ್ನು ಕಳಚಿ, ಅದರಡಿಯ ಸಣ್ಣ ತೂತನ್ನು ಹತ್ತಿರದಿಂದ ತೆಗೆದಿದ್ದ. ತೂತಿನ ಸುತ್ತ ಮಸಿ ಉಂಗುರದಂತೆ ಸಮನಾಗಿ ಕೂರಬೇಕಿತ್ತು. ಆದರೆ ತೂತು ಉಂಗುರದ ಅಂಚಿಗೆ ಸರಿದಿತ್ತು, ಇನ್ನೊಂದು ಬದಿಯಲ್ಲಿ ಮಸಿ ಬಿದಿಗೆ ಚಂದ್ರನಂತೆ ಬಾಗಿತ್ತು. ಫೋಟೋದ ಕೆಳಗೆ ಹೀಗೆ ಬರೆದಿದ್ದ: "ಮಾಮ, ಗ್ಯಾಸ್ ಬ್ಲಾಕ್ ಬದಲಾಯಿಸಿದೆ. ಅವತ್ತಿಂದ ಕೊನೇ ಗುಂಡು ಹಾರಿದ ಮೇಲೆ ಬೋಲ್ಟ್ ಹಿಂದೆ ನಿಲ್ತಿಲ್ಲ. ಈ ತೂತನ್ನ ಸ್ವಲ್ಪ ದೊಡ್ಡದು ಮಾಡಿಸಲಾ?" ಬೋಲ್ಟ್ ಎಂದರೆ ತೋಟಾದ ಕೋಣೆಯನ್ನು ಹಿಂದಿನಿಂದ ಮುಚ್ಚುವ ಉಕ್ಕಿನ ತುಂಡು; ಮ್ಯಾಗಜೀನ್ ಖಾಲಿಯಾದಾಗ ಅದು ಹಿಂದೆಯೇ ನಿಲ್ಲಬೇಕು.

ನಾನು ಬಂದೂಕು ಹಿಡಿದದ್ದು ಕಾಲೇಜಿನ ಎನ್‌ಸಿಸಿ ದಿನಗಳಲ್ಲಿ ಮಾತ್ರ, ಅದೂ ಪಾಯಿಂಟ್ ಟೂ ಟೂ ರೈಫಲ್. ಆದರೆ ಪೀಣ್ಯದ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಹೈಡ್ರಾಲಿಕ್ ವಾಲ್ವುಗಳ ಜೊತೆ ಕಳೆದ ವರ್ಷಗಳಿಂದಾಗಿ, ಸಣ್ಣ ತೂತಿನ ಮೂಲಕ ಹೆಚ್ಚಿನ ಒತ್ತಡದಲ್ಲಿ ಏನಾದರೂ ಹರಿದಾಗ ಯಾವ ಎಡವಟ್ಟುಗಳಾಗುತ್ತವೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಅವನ ಪ್ರಶ್ನೆ ಮೇಲುನೋಟಕ್ಕೆ ಬಂದೂಕಿನದಾದರೂ ನಿಜವಾಗಿ ತೂತಿನದು. ಡ್ರಿಲ್ ಮುಟ್ಟಬೇಡ ಎಂದು ಮೊದಲು ಬರೆದು, ಕಾರಣವನ್ನು ಆಮೇಲೆ ವಿವರಿಸಿದೆ. ಆ ವಿವರಣೆಯನ್ನೇ ಇಲ್ಲಿ ಇನ್ನಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಅರೆಸ್ವಯಂಚಾಲಿತ ರೈಫಲ್ ಎಂದರೆ ಟ್ರಿಗರ್ ಒಮ್ಮೆ ಒತ್ತಿದರೆ ಒಂದೇ ಗುಂಡು ಹಾರಿಸುವ, ಆದರೆ ಮುಂದಿನ ತೋಟಾವನ್ನು ತಾನೇ ತುಂಬಿಕೊಳ್ಳುವ ಬಂದೂಕು. ನಮ್ಮ ಪೊಲೀಸರ ಹೆಗಲ ಮೇಲೆ ದಶಕಗಳ ಕಾಲ ಕಂಡ ಎಸ್‌ಎಲ್‌ಆರ್‌ನ ಹೆಸರಿನ ಅರ್ಥವೇ ಅದು, ತಾನಾಗಿ ತುಂಬಿಕೊಳ್ಳುವ ರೈಫಲ್. ಅದಕ್ಕೂ ಹಿಂದಿನ ತ್ರೀ-ನಾಟ್-ತ್ರೀಯಲ್ಲಿ ಪ್ರತಿ ಗುಂಡಿನ ನಂತರ ಕೈಯಿಂದಲೇ ಬೋಲ್ಟ್ ಎತ್ತಿ, ಹಿಂದಕ್ಕೆಳೆದು, ಖಾಲಿ ತೋಟಾವನ್ನು ಹೊರಗೆ ಹಾಕಿ, ಮತ್ತೆ ಮುಂದಕ್ಕೆ ತಳ್ಳಬೇಕಿತ್ತು. ಆ ನಾಲ್ಕು ಕೆಲಸಗಳನ್ನು ಕೈಯ ಬದಲು ಯಂತ್ರವೇ ಮಾಡಬೇಕಾದರೆ ಅದಕ್ಕೆ ಶಕ್ತಿ ಎಲ್ಲಿಂದಲಾದರೂ ಬರಬೇಕಷ್ಟೆ. ಗುಂಡನ್ನು ತಳ್ಳುವ ಮದ್ದಿನ ಹೊಗೆಯಲ್ಲಿ ಆ ಶಕ್ತಿ ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚಿದೆ, ಗುಂಡು ಹೊರಬಿದ್ದ ಮೇಲೆ ಅದು ಗಾಳಿಯಲ್ಲಿ ವ್ಯರ್ಥವಾಗುತ್ತದೆ. ಅಮೆರಿಕದ ಯೂಟಾದ ಜಾನ್ ಬ್ರೌನಿಂಗ್ 1889ರಲ್ಲಿ ಬಂದೂಕು ಹಾರಿಸುತ್ತಿದ್ದಾಗ, ನಳಿಗೆಯ ಬಾಯಿಂದ ನುಗ್ಗಿದ ಗಾಳಿಗೆ ಅಕ್ಕಪಕ್ಕದ ಹುಲ್ಲು ಬಾಗುವುದನ್ನು ಕಂಡು ಈ ದಾರಿ ಹಿಡಿದರೆಂದು ಹೇಳುವುದುಂಟು. ಆ ಯೋಚನೆ 1895ರ ಕೋಲ್ಟ್ ಮೆಷಿನ್ ಗನ್ ಆಗಿ ಕಾರ್ಖಾನೆಯಿಂದ ಹೊರಬಂತು.

ಈಗಿನ ರೈಫಲ್‌ಗಳಲ್ಲಿ ಕೆಲಸ ನಡೆಯುವುದು ಹೀಗೆ. ನಳಿಗೆಯ ಉದ್ದಕ್ಕೆ ಎಲ್ಲೋ ಒಂದು ಕಡೆ, ಮೇಲ್ಭಾಗದಲ್ಲಿ, ಒಂದೂವರೆ ಎರಡು ಮಿಲಿಮೀಟರ್ ಅಗಲದ ತೂತು ಕೊರೆದಿರುತ್ತಾರೆ. ಇದು ಗ್ಯಾಸ್ ಪೋರ್ಟ್. ಗುಂಡು ಈ ತೂತನ್ನು ದಾಟಿದ ಕ್ಷಣದಿಂದ ನಳಿಗೆಯ ಬಾಯಿಯಿಂದ ಹೊರಬೀಳುವ ಕ್ಷಣದವರೆಗೆ, ಅದರ ಬೆನ್ನ ಹಿಂದಿನ ಬಿಸಿ ಅನಿಲ ತೂತಿನಿಂದ ಮೇಲಕ್ಕೆ ನುಗ್ಗುತ್ತದೆ. ಆ ತೂತಿನ ಮೇಲೆ ಟೋಪಿಯಂತೆ ಕೂತು, ಅನಿಲವನ್ನು ಹಿಡಿದು ಹಿಂದಕ್ಕೆ ತಿರುಗಿಸುವ ಉಕ್ಕಿನ ತುಂಡೇ ಗ್ಯಾಸ್ ಬ್ಲಾಕ್. ತಿರುಗಿದ ಅನಿಲ ಮುಂದೇನು ಮಾಡುತ್ತದೆ ಎಂಬುದರಲ್ಲಿ ಬಂದೂಕುಗಳು ಕವಲೊಡೆಯುತ್ತವೆ. ಎಕೆ ವಂಶದಲ್ಲಿ ಅದು ಬೋಲ್ಟನ್ನು ಹೊತ್ತು ಹಿಂದೆ ಮುಂದೆ ಓಡಾಡುವ ಬೋಲ್ಟ್ ಕ್ಯಾರಿಯರ್‌ಗೇ ಅಂಟಿಕೊಂಡಿರುವ ಉದ್ದ ಪಿಸ್ಟನ್ನನ್ನು ತಳ್ಳುತ್ತದೆ, ನಮ್ಮ ಸೇನೆಯ ಇನ್ಸಾಸ್ ರೈಫಲ್ ಕೂಡ ಇದೇ ದಾರಿಯದು. ಎಸ್‌ಎಲ್‌ಆರ್‌ನಲ್ಲಿ ಬೇರೆಯೇ ಆದ ಗಿಡ್ಡ ಹೊಡೆತದ ಪಿಸ್ಟನ್ ಒಂದು ಏಟು ಕೊಟ್ಟು ಹಿಂದೆ ಸರಿಯುತ್ತದೆ. ಯೂಜೀನ್ ಸ್ಟೋನರ್ ರೂಪಿಸಿದ ಎಆರ್ ವಂಶದಲ್ಲಿ ಮುಂಭಾಗದಲ್ಲಿ ಪಿಸ್ಟನ್ ಇಲ್ಲ. ಅನಿಲ ತೆಳುವಾದ ಸ್ಟೀಲ್ ಕೊಳವೆಯಲ್ಲಿ ಹಿಂದಕ್ಕೆ ಹರಿದು ಬೋಲ್ಟ್ ಕ್ಯಾರಿಯರ್‌ನ ಹೊಟ್ಟೆಯೊಳಗೇ ಹೊಕ್ಕು, ಅಲ್ಲಿ ಬೋಲ್ಟನ್ನೇ ಪಿಸ್ಟನ್ನಾಗಿ ಬಳಸಿಕೊಂಡು ಕ್ಯಾರಿಯರನ್ನು ಹಿಂದಕ್ಕೆ ದೂಡುತ್ತದೆ. ಕ್ಯಾರಿಯರ್ ಸ್ವಲ್ಪ ಹಿಂದೆ ಸರಿದ ಮೇಲಷ್ಟೇ ಅದರೊಳಗಿನ ಓರೆ ತೋಡು ಬೋಲ್ಟನ್ನು 22.5 ಡಿಗ್ರಿ ತಿರುಗಿಸಿ ಬೀಗ ತೆಗೆಯುತ್ತದೆ. ಬಳಿಕ ಖಾಲಿ ತೋಟಾ ಹೊರಬೀಳುತ್ತದೆ, ಸ್ಪ್ರಿಂಗ್ ಅಮುಕಲ್ಪಡುತ್ತದೆ, ವಾಪಸು ಬರುವಾಗ ಬೋಲ್ಟ್ ಹೊಸ ತೋಟಾವನ್ನು ತಳ್ಳಿಕೊಂಡು ಬಂದು ಮತ್ತೆ ಬೀಗ ಹಾಕಿಕೊಳ್ಳುತ್ತದೆ. ಇದೇ ಯಂತ್ರದ ಸೈನಿಕ ರೂಪ ನಿಮಿಷಕ್ಕೆ 800 ಗುಂಡಿನ ಲೆಕ್ಕದಲ್ಲಿ ಓಡುತ್ತದೆ ಎಂದರೆ ಈ ಇಡೀ ಸುತ್ತು ಒಂದು ಸೆಕೆಂಡಿನ ಹದಿಮೂರನೆಯ ಒಂದು ಭಾಗದಲ್ಲಿ ಮುಗಿಯುತ್ತದೆ.

ಬೆಂಗಳೂರಿನ ಹುಡುಗರಿಗೆ ಇದನ್ನು ವಿವರಿಸಲು ಆರ್‌ಎಕ್ಸ್ 100 ಬೈಕಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಗೆ ಹೊರಹೋಗುವ ಪೋರ್ಟ್ ಸಿಲಿಂಡರಿನ ಗೋಡೆಯಲ್ಲಿರುವ ಒಂದು ಕಿಂಡಿ. ಅದಕ್ಕೆ ಬೇರೆ ವಾಲ್ವ್ ಇಲ್ಲ. ಪಿಸ್ಟನ್ ಕೆಳಗಿಳಿಯುತ್ತ ಅದನ್ನು ತೆರೆಯುತ್ತದೆ, ಮೇಲೇರುತ್ತ ಮುಚ್ಚುತ್ತದೆ. ಆದ್ದರಿಂದ ಕಿಂಡಿಯ ಮೇಲಂಚು ಎಲ್ಲಿದೆ ಎಂಬುದೇ ಅದು ಯಾವಾಗ ತೆರೆಯುತ್ತದೆ ಎಂಬುದನ್ನು ನಿರ್ಧರಿಸುತ್ತದೆ. ಹೆಚ್ಚು ವೇಗ ಬೇಕೆಂದು ಗ್ಯಾರೇಜಿನಲ್ಲಿ ಪೋರ್ಟಿಗೆ ಅರ ಹಾಕಿಸಿದವರಿಗೆ ಗೊತ್ತು, ಒಂದು ಮಿಲಿಮೀಟರ್ ಹೆಚ್ಚು ಕೆರೆದರೆ ಮೇಲಿನ ವೇಗದಲ್ಲಿ ಬೈಕು ಚಿಮ್ಮುತ್ತದೆ, ಸಿಗ್ನಲ್‌ನಲ್ಲಿ ನಿಂತು ಹೊರಡುವಾಗ ಮಾತ್ರ ಸತ್ತಂತಾಗುತ್ತದೆ. ತೂತು ಎಲ್ಲಿದೆ, ಎಷ್ಟು ದೊಡ್ಡದಿದೆ ಎಂಬ ಎರಡೇ ಅಳತೆಗಳಲ್ಲಿ ಅಲ್ಲಿ ಸಮಯ ಅಡಗಿದೆ. ರೈಫಲ್‌ನ ಗ್ಯಾಸ್ ಪೋರ್ಟ್ ಕೂಡ ಅಂಥದ್ದೇ ಗಡಿಯಾರ, ಅದರಲ್ಲಿ ಪಿಸ್ಟನ್ನಿನ ಪಾತ್ರವನ್ನು ಗುಂಡು ವಹಿಸುತ್ತದೆ.

ಈ ಗಡಿಯಾರದ ಅಂಕಿಗಳನ್ನು ಸ್ವಲ್ಪ ನೋಡೋಣ. 5.56 ಮಿ.ಮೀ. ನ್ಯಾಟೋ ತೋಟಾ ಸಿಡಿದಾಗ ಒಳಗೆ ಏಳುವ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ ಸುಮಾರು 62,000 ಪೌಂಡ್. ನಮ್ಮ ಕಾರಿನ ಟೈರಿಗೆ ತುಂಬಿಸುವ ಗಾಳಿಯ ಸುಮಾರು ಎರಡು ಸಾವಿರ ಪಟ್ಟು. ಗುಂಡು ಮುಂದೆ ಓಡಿದಂತೆಲ್ಲ ಹಿಂದಿನ ಜಾಗ ಹಿಗ್ಗುತ್ತ ಒತ್ತಡ ಇಳಿಯುತ್ತ ಹೋಗುತ್ತದೆ. ಹಾಗಾಗಿ ತೂತು ತೋಟಾದ ಕೋಣೆಗೆ ಹತ್ತಿರವಿದ್ದಷ್ಟೂ ಅದಕ್ಕೆ ಸಿಗುವ ಅನಿಲ ಹೆಚ್ಚು ಬಿಸಿ, ಹೆಚ್ಚು ಬಿರುಸು. ಎಆರ್ ರೈಫಲ್‌ಗಳಲ್ಲಿ ಮೂಲತಃ 20 ಅಂಗುಲದ ನಳಿಗೆಗೆ ಗ್ಯಾಸ್ ಕೊಳವೆ ಉದ್ದವಾಗಿತ್ತು, ತೂತು ಬಾಯಿಯ ಕಡೆಗಿತ್ತು. ನಳಿಗೆಯನ್ನು ಗಿಡ್ಡ ಮಾಡಿದ ಕಾರ್ಬೈನ್‌ಗಳಲ್ಲಿ ತೂತೂ ಹಿಂದಕ್ಕೆ ಬಂತು, ಅಲ್ಲಿನ ಒತ್ತಡ ಉದ್ದನೆಯ ರೈಫಲ್‌ನ ತೂತಿನಲ್ಲಿರುವುದಕ್ಕಿಂತ ಹತ್ತಿರ ಹತ್ತಿರ ಎರಡು ಪಟ್ಟಾಯಿತು. ಅದೇ ಬೋಲ್ಟ್, ಅದೇ ತೋಟಾ, ಆದರೆ ಏಟು ಬೇಗ ಬೀಳುತ್ತದೆ, ಜೋರಾಗಿಯೂ ಬೀಳುತ್ತದೆ. ನಡುವಿನ ಉದ್ದದ ಕೊಳವೆ, ಅಂದರೆ ಮಿಡ್-ಲೆಂಗ್ತ್ ಎನ್ನುವ ಏರ್ಪಾಡು, ಜನಪ್ರಿಯವಾದದ್ದು ಈ ಬಿರುಸನ್ನು ತಗ್ಗಿಸಲೆಂದೇ.

ತೂತಿನಿಂದ ಬಾಯಿಯವರೆಗಿನ ದೂರವೂ ಅಷ್ಟೇ ಮುಖ್ಯ. ಗುಂಡು ಬಾಯಿಯಿಂದ ಹೊರಬಿದ್ದ ಕೂಡಲೇ ಒಳಗಿನ ಒತ್ತಡ ಬಸ್ಸೆಂದು ಇಳಿದುಬಿಡುತ್ತದೆ. ಆದ್ದರಿಂದ ಅನಿಲ ತುಂಬಿಕೊಳ್ಳಲು ಸಿಗುವ ವೇಳೆ ಗುಂಡು ಆ ಕೊನೆಯ ದೂರವನ್ನು ದಾಟುವಷ್ಟೇ. ಆ ದೂರ 18 ಸೆಂಟಿಮೀಟರ್ ಇದ್ದು, ಗುಂಡು ಸೆಕೆಂಡಿಗೆ 850 ಮೀಟರ್ ವೇಗದಲ್ಲಿದೆ ಎಂದಿಟ್ಟುಕೊಂಡರೆ, ಸಿಗುವ ಅವಧಿ ಒಂದು ಸೆಕೆಂಡಿನ ಹತ್ತುಸಾವಿರದಲ್ಲಿ ಎರಡು ಭಾಗ. ನಳಿಗೆಯ ತುದಿಯನ್ನು ನಾಲ್ಕು ಅಂಗುಲ ಕತ್ತರಿಸಿ, ತೂತನ್ನು ಇದ್ದಲ್ಲೇ ಬಿಟ್ಟರೆ, ಈ ಅವಧಿಯ ಅರ್ಧಕ್ಕಿಂತ ಹೆಚ್ಚು ಒಮ್ಮೆಲೇ ಹೋಗಿಬಿಡುತ್ತದೆ.

ಇನ್ನು ತೂತಿನ ಗಾತ್ರ. ಇಲ್ಲೇ ಹೆಚ್ಚಿನವರು ಎಡವುವುದು, ನನ್ನ ಸೋದರಳಿಯನೂ ಎಡವಲಿದ್ದದ್ದು. 1.6 ಮಿ.ಮೀ. ಇರುವ ತೂತನ್ನು 2 ಮಿ.ಮೀ. ಮಾಡುವುದೆಂದರೆ ಕೇಳಲು ಅಲ್ಪ ವ್ಯತ್ಯಾಸ, ಕೂದಲೆಳೆಗಳ ಲೆಕ್ಕ. ಆದರೆ ಹರಿವು ನಿಂತಿರುವುದು ವ್ಯಾಸದ ಮೇಲಲ್ಲ, ಕಿಂಡಿಯ ವಿಸ್ತೀರ್ಣದ ಮೇಲೆ. ವಿಸ್ತೀರ್ಣವು ವ್ಯಾಸದ ವರ್ಗದಂತೆ ಏರುತ್ತದೆ. ಕಾಲು ಭಾಗ ಹೆಚ್ಚಿದ ವ್ಯಾಸ ಅರ್ಧಕ್ಕಿಂತ ಹೆಚ್ಚು, ನೂರಕ್ಕೆ 56ರಷ್ಟು, ಹೆಚ್ಚಿನ ಕಿಂಡಿಯಾಗುತ್ತದೆ. ಟೂಲ್‌ರೂಮಿನಲ್ಲಿ ಹೊಸ ಹುಡುಗ ಮೊದಲ ವಾರವೇ ಕಲಿಯುವ ಮಾತೊಂದಿದೆ: ಬೋರ್ ಅಂಡರ್‌ಸೈಜ್ ಆದರೆ ರೀವರ್ಕ್, ಓವರ್‌ಸೈಜ್ ಆದರೆ ರಿಜೆಕ್ಟ್. ತೆಗೆದ ಲೋಹವನ್ನು ಮತ್ತೆ ಅಂಟಿಸಲಾಗದು. ಬ್ಲಾಕ್ ತಪ್ಪಿದರೆ ಹೊಸ ಬ್ಲಾಕ್ ತರಬಹುದು. ಪೋರ್ಟ್ ತಪ್ಪಿದರೆ ಹೋಗುವುದು ನಳಿಗೆ. ಅದರ ಮೇಲೆ, ಒಳಗೆ ಕ್ರೋಮ್ ಲೇಪನವಿರುವ ನಳಿಗೆಯಲ್ಲಿ ಹೊರಗಿನಿಂದ ಡ್ರಿಲ್ ಇಳಿಸಿದರೆ ಒಳಗಿನ ಅಂಚಿನಲ್ಲಿ ಲೇಪನ ಸಿಡಿದು, ಪ್ರತಿ ಗುಂಡು ಸವರಿಕೊಂಡು ಹೋಗುವ ಜಾಗದಲ್ಲೇ ಬರ್, ಅಂದರೆ ಲೋಹದ ಚೂಪು ಅಂಚು, ಎದ್ದು ನಿಲ್ಲುವ ಅಪಾಯವಿದೆ.

ಅನಿಲ ಬೇಕಾದದ್ದಕ್ಕಿಂತ ಹೆಚ್ಚಾದರೆ ಬಂದೂಕು ಮೊದಮೊದಲು ಚೆನ್ನಾಗಿಯೇ ಓಡುತ್ತದೆ, ತೊಂದರೆ ಇರುವುದೇ ಅಲ್ಲಿ. ಕೊರತೆಯಾದರೆ ಅದು ನಿಂತು ದೂರು ಹೇಳುತ್ತದೆ. ಹೆಚ್ಚಾದರೆ ಸದ್ದಿಲ್ಲದೆ ಸವೆಯುತ್ತದೆ. ಬೋಲ್ಟ್ ಬೇಗ ಬೀಗ ತೆಗೆದಾಗ ಖಾಲಿ ತೋಟಾ ಇನ್ನೂ ಉಬ್ಬಿಕೊಂಡು ಕೋಣೆಯ ಗೋಡೆಗೆ ಕಚ್ಚಿರುತ್ತದೆ; ಎಳೆಯುವ ಕೊಂಡಿ ಅದರ ಅಂಚನ್ನು ಹರಿಯುತ್ತದೆ, ಇಲ್ಲವೇ ತಾನೇ ಮುರಿಯುತ್ತದೆ. ಕ್ಯಾರಿಯರ್ ಹಿಂದಿನ ಗೋಡೆಗೆ ಅಗತ್ಯಕ್ಕಿಂತ ಜೋರಾಗಿ ಬಡಿಯುವುದರಿಂದ ಭುಜಕ್ಕೆ ಒದೆತ ಹೆಚ್ಚುತ್ತದೆ. ಬೋಲ್ಟ್‌ನ ಹಲ್ಲುಗಳ ಬುಡದಲ್ಲಿ ಬಿರುಕು ಬೇಗ ಹುಟ್ಟುತ್ತದೆ. ಕೊರತೆಯ ಲಕ್ಷಣಗಳು ನೇರ: ಖಾಲಿ ತೋಟಾ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತದೆ, ಹೊಸ ತೋಟಾ ಏರುವುದಿಲ್ಲ, ಅಥವಾ ಮ್ಯಾಗಜೀನ್ ಖಾಲಿಯಾದಾಗ ಬೋಲ್ಟ್ ಹಿಂದೆ ನಿಲ್ಲುವುದಿಲ್ಲ. ಈ ಕೊನೆಯದೇ ಎಲ್ಲಕ್ಕಿಂತ ಮೊದಲು ಕಾಣಿಸುವುದು, ಏಕೆಂದರೆ ಹಿಂದೆ ನಿಲ್ಲಲು ಬೋಲ್ಟ್ ತಡೆಕೊಂಡಿಯನ್ನೂ ದಾಟಿ ಹೋಗಬೇಕು. ಖಾಲಿ ತೋಟಾಗಳು ಯಾವ ದಿಕ್ಕಿಗೆ ಬೀಳುತ್ತವೆ ಎಂಬುದನ್ನು ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ನೋಡುವ ರೂಢಿಯೂ ಇದೆ. ಬಂದೂಕಿನ ಮೂತಿಯನ್ನು ಹನ್ನೆರಡು ಗಂಟೆ ಎಂದಿಟ್ಟುಕೊಂಡರೆ ಮೂರರಿಂದ ನಾಲ್ಕೂವರೆಯ ನಡುವೆ ಬಿದ್ದರೆ ಸರಿ, ಒಂದು ಎರಡರ ಕಡೆಗೆ ಬಿದ್ದರೆ ಅನಿಲ ಹೆಚ್ಚು, ಐದರ ಕಡೆಗೆ ಬಿದ್ದರೆ ಕಡಿಮೆ. ಇದು ಒಳ್ಳೆಯ ಸುಳಿವೇ, ಆದರೆ ಖಾಲಿ ತೋಟಾವನ್ನು ಹೊರಗೆಸೆಯುವ ಎಜೆಕ್ಟರ್‌ನ ಸ್ಪ್ರಿಂಗ್ ಹಳತಾದರೂ ದಿಕ್ಕು ಬದಲಾಗುತ್ತದೆ; ನಾಡಿ ಹಿಡಿದು ಮಾತ್ರ ರೋಗ ಹೇಳುವ ವೈದ್ಯನಂತೆ ಇದೊಂದನ್ನೇ ನಂಬಬಾರದು.

ತೂತನ್ನು ಮುಟ್ಟದೆಯೇ ಗಡಿಯಾರ ಕೆಡಬಹುದು ಎಂಬುದಕ್ಕೆ ಎಆರ್ ವಂಶದ ಸೈನಿಕ ರೂಪವಾದ ಎಂ16ರ ವಿಯೆಟ್ನಾಂ ಯುದ್ಧಕಾಲದ ಕಥೆಗಿಂತ ಕಟುವಾದ ಪಾಠ ಇಲ್ಲ. ಸ್ಟೋನರ್ ವಿನ್ಯಾಸವನ್ನು ಹದಗೊಳಿಸಿದ್ದು ಕಡ್ಡಿಯಾಕಾರದ ಕಣಗಳ ಒಂದು ಬಗೆಯ ಮದ್ದಿಗೆ. 1964ರ ಹೊತ್ತಿಗೆ ಅಮೆರಿಕದ ಸೇನೆ ಅದರ ಬದಲು ದುಂಡು ಕಣಗಳ ಬಾಲ್ ಪೌಡರ್ ಬಳಸತೊಡಗಿತು. ಗುಂಡಿನ ವೇಗ ಅಷ್ಟೇ ಉಳಿಯಿತು, ಕೋಣೆಯ ಒತ್ತಡವೂ ಮಿತಿಯೊಳಗೇ ಇತ್ತು. ಆದರೆ ಹೊಸ ಮದ್ದಿನಲ್ಲಿ ಒತ್ತಡ ನಿಧಾನವಾಗಿ ಇಳಿಯುತ್ತಿದ್ದುದರಿಂದ ಗುಂಡು ತೂತಿನ ಬಳಿ ಬಂದಾಗ ಅಲ್ಲಿ ಹಿಂದಿಗಿಂತ ಹೆಚ್ಚು ಒತ್ತಡ ಉಳಿದಿತ್ತು. ನಿಮಿಷಕ್ಕೆ 700ರಿಂದ 850ರಷ್ಟಿದ್ದ ಓಟ 1,000ದ ಹತ್ತಿರ ಹೋಯಿತು. ಬಿಡಿಭಾಗಗಳು ಮುರಿದವು. ಮದ್ದಿನಲ್ಲಿದ್ದ ಕ್ಯಾಲ್ಸಿಯಂ ಕಾರ್ಬೊನೇಟ್ ಗ್ಯಾಸ್ ಕೊಳವೆಯಲ್ಲಿ ಕಿಟ್ಟವಾಗಿ ಕಟ್ಟಿತು. ಕೋಣೆಗೆ ಕ್ರೋಮ್ ಲೇಪನವೂ ಇರಲಿಲ್ಲ, ಸೈನಿಕರ ಕೈಗೆ ಶುಚಿಗೊಳಿಸುವ ಸಾಮಾನೂ ಸರಿಯಾಗಿ ತಲುಪಿರಲಿಲ್ಲ. ಕಾಡಿನ ನಡುವೆ ಬಂದೂಕು ಕಚ್ಚಿಕೊಂಡು ನಿಂತು ಸೈನಿಕರು ಸತ್ತರು. 1967ರಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿಯೊಂದು ವಿಚಾರಣೆ ನಡೆಸಿ ಸೇನೆಯ ವ್ಯವಸ್ಥೆಯನ್ನು ಕಟುವಾಗಿ ಟೀಕಿಸಿತು. ಮುಂದೆ ಕ್ಯಾರಿಯರ್‌ನ ಹಿಂದೆ ಸ್ಪ್ರಿಂಗ್ ಜೊತೆ ಕೂತು ಏಟು ತಾಳುವ ಬಫರ್ ಬದಲಾಯಿತು, ಕೋಣೆಗೆ ಕ್ರೋಮ್ ಬಂತು, ಮದ್ದಿನ ರಸಾಯನ ತಿದ್ದಲಾಯಿತು. ಗಮನಿಸಬೇಕಾದದ್ದು, ಅಷ್ಟೆಲ್ಲ ಆಗುವವರೆಗೂ ನಳಿಗೆಯ ತೂತಿನ ಅಳತೆಯಲ್ಲಿ ಯಾವ ದೋಷವೂ ಇರಲಿಲ್ಲ. ಅದು ಯಾವ ಮದ್ದಿಗೆ ಕೊರೆದದ್ದೋ ಆ ಮದ್ದು ಮಾತ್ರ ಬದಲಾಗಿತ್ತು.

ಅದಕ್ಕೂ ಮುಂಚಿನ ಎಂ1 ಗ್ಯಾರಂಡ್ ರೈಫಲ್‌ನಲ್ಲಿಯೂ ಇದೇ ತಾಪತ್ರಯವಿದೆ. 1936ರಲ್ಲಿ ಸೇನೆ ಸೇರಿದ ಆ ಬಂದೂಕಿನಲ್ಲಿ ಅನಿಲದ ತಳ್ಳುವಿಕೆಯನ್ನು ಬೋಲ್ಟಿಗೆ ಮುಟ್ಟಿಸುವ ಉದ್ದನೆಯ ಆಪರೇಟಿಂಗ್ ರಾಡ್, ಬೇಟೆಗೆಂದು ಮಾಡಿದ ನಿಧಾನ ಮದ್ದಿನ ತೋಟಾ ಹಾಕಿದರೆ ಬಾಗಿಹೋಗಬಹುದು. ಇಂದಿಗೂ ಅದನ್ನು ಇಟ್ಟುಕೊಂಡಿರುವವರು ಹೆಚ್ಚುವರಿ ಅನಿಲ ಹೊರಬಿಡುವ ಪ್ಲಗ್ಗನ್ನು ಹಾಕಿಸುತ್ತಾರೆ.

ಮದ್ದು, ಮಸಿ, ಮರಳು, ಚಳಿ ಎಲ್ಲ ಬದಲಾಗುತ್ತಿರುವಾಗ ತೂತು ಮಾತ್ರ ಒಂದೇ ಗಾತ್ರದಲ್ಲಿರುವುದು ಹೇಗೆ ಸರಿ ಎಂಬ ಪ್ರಶ್ನೆಗೆ ಎರಡು ಉತ್ತರಗಳಿವೆ. ಎಕೆಯ ಉತ್ತರ, ಬೇಕಾದದ್ದಕ್ಕಿಂತ ಧಾರಾಳವಾಗಿ ಅನಿಲ ಕೊಟ್ಟು, ಆ ಏಟನ್ನು ತಾಳಬಲ್ಲ ಭಾರದ ಭಾಗಗಳನ್ನು ಇಡುವುದು. ಎಸ್‌ಎಲ್‌ಆರ್‌ನ ಉತ್ತರ ರೆಗ್ಯುಲೇಟರ್. ಬೆಲ್ಜಿಯಂನ ಎಫ್‌ಎನ್ ಸಂಸ್ಥೆಯ ಎಫ್‌ಎಎಲ್ ವಂಶದ ಈ ರೈಫಲ್ 1962ರ ಚೀನಾ ಯುದ್ಧದ ನಂತರದ ವರ್ಷಗಳಲ್ಲಿ ಇಶಾಪುರದ ಕಾರ್ಖಾನೆಯಲ್ಲಿ 1ಎ1 ಎಂಬ ಹೆಸರಿನಲ್ಲಿ ತಯಾರಾಗಿ ನಮ್ಮ ಸೇನೆಯ ಮುಖ್ಯ ಬಂದೂಕಾಯಿತು. ಅದರ ಗ್ಯಾಸ್ ಸಿಲಿಂಡರಿನಲ್ಲಿ ಹೆಚ್ಚುವರಿ ಅನಿಲ ಹೊರಹೋಗುವ ಕಿಂಡಿಯೊಂದಿದ್ದು, ಅಂಕಿ ಕೆತ್ತಿದ ಉಂಗುರವನ್ನು ತಿರುಗಿಸಿ ಆ ಕಿಂಡಿಯನ್ನು ಹಿರಿದು ಕಿರಿದು ಮಾಡಬಹುದು. ಹೊರಕಿಂಡಿ ಪೂರ್ತಿ ತೆರೆದಾಗ ಪಿಸ್ಟನ್ನಿಗೆ ಸಿಗುವುದು ಅತಿ ಕಡಿಮೆ. ಅಲ್ಲಿಂದ ಒಂದೊಂದೇ ಕ್ಲಿಕ್ ಮುಚ್ಚುತ್ತ, ಒಂದೊಂದೇ ತೋಟಾ ಹಾರಿಸುತ್ತ, ಬಂದೂಕು ಸರಿಯಾಗಿ ಓಡತೊಡಗಿದ ಸ್ಥಾನವನ್ನು ಹುಡುಕಿ, ಆಮೇಲೆ ಮಸಿಗೂ ಧೂಳಿಗೂ ಮೀಸಲಾಗಿ ಇನ್ನೆರಡು ಕ್ಲಿಕ್ ಮುಚ್ಚಬೇಕು. ಗ್ರೆನೇಡ್ ಹಾರಿಸುವಾಗ ಗ್ಯಾಸ್ ಪ್ಲಗ್ಗನ್ನು ತಿರುಗಿಸಿ ಅನಿಲದ ದಾರಿಯನ್ನೇ ಮುಚ್ಚುವ ಏರ್ಪಾಡೂ ಇತ್ತು. ಬೇಕಾದಷ್ಟನ್ನೇ ಕೊಟ್ಟು, ಮೇಲೆ ಸ್ವಲ್ಪ ಮೀಸಲಿಡುವ ಈ ಲೆಕ್ಕಾಚಾರ ನನಗೆ ಎಕೆಯ ಧಾರಾಳಕ್ಕಿಂತ ಹೆಚ್ಚು ಹಿಡಿಸುತ್ತದೆ, ಆದರೆ ಅದಕ್ಕೆ ಉಂಗುರವನ್ನು ತಿರುಗಿಸಬಲ್ಲ, ತಿರುಗಿಸಲು ನೆನಪಿಟ್ಟುಕೊಳ್ಳುವ ಮನುಷ್ಯ ಬೇಕು.

ಎಆರ್ ರೈಫಲ್‌ಗಳಿಗೆ ಇಂದು ಸಿಗುವ ಅಡ್ಜಸ್ಟಬಲ್ ಗ್ಯಾಸ್ ಬ್ಲಾಕ್‌ಗಳು ಇದೇ ಯೋಚನೆಯ ತಡವಾದ ಮರಿಗಳು. ಒಂದು ಬಗೆಯಲ್ಲಿ ಸಣ್ಣ ಸ್ಕ್ರೂ ಅನಿಲದ ದಾರಿಗೆ ಅಡ್ಡ ಬಂದು ಹರಿವನ್ನು ತಡೆಯುತ್ತದೆ, ಇನ್ನೊಂದು ಬಗೆಯಲ್ಲಿ ಹೆಚ್ಚಾದದ್ದು ಹೊರಗೆ ಬಿಡಲ್ಪಡುತ್ತದೆ. ಮೊದಲನೆಯದು ಶುಚಿಯಾದದ್ದು, ಆದರೆ ಮಸಿ ಕಟ್ಟಿ ಸ್ಕ್ರೂ ಕಚ್ಚಿಕೊಂಡರೆ ಅದು ಹೆಸರಿಗಷ್ಟೇ ಅಡ್ಜಸ್ಟಬಲ್. ಅವಶ್ಯಕತೆಯಿಲ್ಲದವರು ಸಾದಾ ಬ್ಲಾಕ್ ಇಟ್ಟುಕೊಳ್ಳುವುದೇ ವಾಸಿ ಎಂಬುದು ನನ್ನ ಅಭಿಪ್ರಾಯ. ನಳಿಗೆಯ ಬಾಯಿಗೆ ಸದ್ದಡಗಿಸುವ ಸಾಧನ ಹಾಕುವವರ ಮಾತು ಬೇರೆ, ಏಕೆಂದರೆ ಅದು ಒಳಗಿನ ಒತ್ತಡ ಇಳಿಯುವುದನ್ನೇ ತಡಮಾಡಿ ಅನಿಲ ಹರಿಯುವ ಅವಧಿಯನ್ನು ಹಿಗ್ಗಿಸುತ್ತದೆ.

ಈಗ ಬದಲಾಯಿಸುವ ಕೆಲಸಕ್ಕೆ ಬರೋಣ. ಹಳೆಯ ಎಂ16 ಮಾದರಿಯ ರೈಫಲ್‌ಗಳಲ್ಲಿ ಗ್ಯಾಸ್ ಬ್ಲಾಕ್ ಎಂದರೆ ಮುಂದಿನ ತ್ರಿಕೋನಾಕಾರದ ಗುರಿಕಟ್ಟೆಯೇ. ಅದನ್ನು ಎರಡು ಟೇಪರ್ ಪಿನ್ನುಗಳಿಂದ, ಅಂದರೆ ಒಂದು ತುದಿ ದಪ್ಪ ಇನ್ನೊಂದು ತೆಳುವಾದ ಪಿನ್ನುಗಳಿಂದ, ನಳಿಗೆಗೆ ಬಿಗಿದಿರುತ್ತಾರೆ. ಟೇಪರ್ ಆದ್ದರಿಂದ ಅವು ಒಂದೇ ದಿಕ್ಕಿಗೆ ಹೊರಬರುತ್ತವೆ, ತಿಳಿಯದೆ ದಪ್ಪ ತುದಿಯ ಕಡೆಯಿಂದ ಬಡಿದವರು ಪಿನ್ನನ್ನು ಇನ್ನಷ್ಟು ಬಿಗಿ ಮಾಡುತ್ತಾರೆ. ಉದ್ದನೆಯ ಹೊಸ ಕವಚ ಹಾಕಬೇಕೆನ್ನುವವರು ಆ ಕಟ್ಟೆಯನ್ನು ತೆಗೆದು, ಕವಚದೊಳಗೆ ಅಡಗುವ ಗಿಡ್ಡ ಬ್ಲಾಕ್ ಹಾಕುತ್ತಾರೆ. ನನ್ನ ಸೋದರಳಿಯ ಮಾಡಿದ್ದೂ ಇದನ್ನೇ. ಹೊಸ ಬ್ಲಾಕ್ ಕೊಳ್ಳುವಾಗ ನೋಡಬೇಕಾದ ಮೊದಲ ಅಳತೆ ಅದು ಕೂರುವ ಜಾಗದ ವ್ಯಾಸ, ಹೆಚ್ಚಿನವು 0.750 ಅಂಗುಲ, ಅಂದರೆ 19.05 ಮಿ.ಮೀ., ತೆಳು ನಳಿಗೆಗಳಲ್ಲಿ 0.625, ದಪ್ಪ ನಳಿಗೆಗಳಲ್ಲಿ 0.936. ನಳಿಗೆಯ ತೂತಿಗಿಂತ ಬ್ಲಾಕಿನ ತೂತು ಸಾಮಾನ್ಯವಾಗಿ ದೊಡ್ಡದಿರುತ್ತದೆ, ಜೋಡಣೆ ಕೂದಲೆಳೆಯಷ್ಟು ತಪ್ಪಿದರೂ ನಡೆಯಲಿ ಎಂದು. ಅಂದರೆ ಹರಿವನ್ನು ಅಳೆಯುವುದು ನಳಿಗೆಯ ತೂತು, ಬ್ಲಾಕ್ ಅಲ್ಲ. ಹೊಸ ಬ್ಲಾಕಿನಿಂದ ಅನಿಲ ಹೆಚ್ಚಾಗುತ್ತದೆ ಎಂದು ನಂಬುವವರು ನಲ್ಲಿಯ ತುದಿಗೆ ಹೊಸ ಪೈಪ್ ಸಿಕ್ಕಿಸಿ ನೀರು ಹೆಚ್ಚು ಬರಲೆಂದು ಕಾಯುವವರಂತೆ.

ಹಾಗಾದರೆ ತಪ್ಪಾದದ್ದೆಲ್ಲಿ? ಎರಡು ಕಡೆ. ಬ್ಲಾಕ್ ಕೂರುವ ಜಾಗದ ಹಿಂದೆ ನಳಿಗೆಯಲ್ಲಿ ಒಂದು ಮೆಟ್ಟಿಲಿರುತ್ತದೆ. ಹಳೆಯ ಏರ್ಪಾಡಿನಲ್ಲಿ ಆ ಮೆಟ್ಟಿಲಿಗೂ ಗುರಿಕಟ್ಟೆಗೂ ನಡುವೆ, ಪ್ಲಾಸ್ಟಿಕ್ ಹಿಡಿಯ ತುದಿಯನ್ನು ಹಿಡಿದಿಡುವ ತಗಡಿನ ಬಿಲ್ಲೆಯೊಂದು ಇರುತ್ತಿತ್ತು, ಸುಮಾರು 0.6 ಮಿ.ಮೀ. ದಪ್ಪದ್ದು. ನಳಿಗೆಯ ತೂತನ್ನು ಆ ಬಿಲ್ಲೆಯ ದಪ್ಪವನ್ನೂ ಲೆಕ್ಕಕ್ಕೆ ಹಿಡಿದೇ ಕೊರೆದಿರುತ್ತಾರೆ. ಬಿಲ್ಲೆ ತೆಗೆದು, ಹೊಸ ಬ್ಲಾಕನ್ನು ಮೆಟ್ಟಿಲಿಗೆ ಒತ್ತಿ ಕೂರಿಸಿದರೆ ಕೈಗೆ ಬಿಗಿಯಾಗಿ ಕೂತ ತೃಪ್ತಿ ಸಿಗುತ್ತದೆ, ತೂತುಗಳು ಮಾತ್ರ ಅಷ್ಟು ಹಿಂದೆ ಮುಂದಾಗುತ್ತವೆ. ಸರಿಯಾದ ಜೋಡಣೆಯಲ್ಲಿ ಅಲ್ಲೊಂದು ಸಣ್ಣ ಸಂದು ಕಾಣಬೇಕು. ಎರಡನೆಯದು ತಿರುಗುವಿಕೆ. 19 ಮಿ.ಮೀ. ವ್ಯಾಸದ ನಳಿಗೆಯ ಮೇಲೆ ಬ್ಲಾಕ್ ಒಂದು ಡಿಗ್ರಿ ತಿರುಗಿದರೆ ಮೇಲ್ಮೈಯಲ್ಲಿ ಸುಮಾರು 0.17 ಮಿ.ಮೀ. ಜಾರುತ್ತದೆ, ಕಣ್ಣಿಗೆ ಅಷ್ಟಾಗಿ ಕಾಣದ ಐದು ಡಿಗ್ರಿಗೆ 0.8 ಮಿ.ಮೀ. ಒಂದೂವರೆ ಮಿಲಿಮೀಟರ್‌ನ ತೂತಿನ ಮುಂದೆ ಈ ಎರಡು ತಪ್ಪುಗಳು ಕೂಡಿಕೊಂಡರೆ ಬಿದಿಗೆ ಚಂದ್ರ ಹುಟ್ಟುತ್ತಾನೆ. ಬ್ಲಾಕ್ ಓರೆಯಾದರೆ ಗ್ಯಾಸ್ ಕೊಳವೆಯೂ ಓರೆಯಾಗಿ, ಹಿಂದಿನ ತುದಿ ಕ್ಯಾರಿಯರ್‌ನ ಮೂತಿಯೊಳಗೆ ನೇರ ಹೋಗದೆ ಒರೆಸಿಕೊಳ್ಳುತ್ತದೆ ಎಂಬುದು ಅದರ ಮೇಲಿನ ಬಡ್ಡಿ.

ಹಿಡಿತದ ವಿಧಾನಗಳಲ್ಲಿ ಪಿನ್ ಹಾಕಿದ್ದು ಎಲ್ಲಕ್ಕಿಂತ ಗಟ್ಟಿ. ಸುತ್ತ ಬಿಗಿಯುವ ಕ್ಲ್ಯಾಂಪ್ ನಂತರದ್ದು. ಕೆಳಗಿನಿಂದ ಒತ್ತುವ ಎರಡು ಸೆಟ್ ಸ್ಕ್ರೂಗಳದ್ದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವಂಥದ್ದೂ ಹೌದು. ನುಣುಪಾದ ದುಂಡು ಮೇಲ್ಮೈಯಲ್ಲಿ ಸ್ಕ್ರೂವಿನ ತುದಿಗೆ ನಿಲ್ಲಲು ನೆಲೆ ಇಲ್ಲ. ಆದ್ದರಿಂದ ಬಂದೂಕು ದುರಸ್ತಿ ಮಾಡುವ ಅನುಭವಸ್ಥ ಗನ್‌ಸ್ಮಿತ್‌ಗಳು ನಳಿಗೆಯ ತಳಭಾಗದಲ್ಲಿ ಸ್ಕ್ರೂ ಕೂರಲು ಆಳವಿಲ್ಲದ ಗುಳಿ ಮಾಡುತ್ತಾರೆ. ನಳಿಗೆ ಚೆನ್ನಾಗಿ ಕಾಯುವ ಭಾಗವಾದ್ದರಿಂದ ಸ್ಕ್ರೂ ಸಡಿಲವಾಗದಂತೆ ಹಚ್ಚುವ ಅಂಟು, ಸಾಮಾನ್ಯ ಥ್ರೆಡ್ ಲಾಕರ್, ಅಲ್ಲಿ ಕೆಲಸಕ್ಕೆ ಬಾರದು. ಸುಮಾರು 150 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಹಿಡಿತ ಬಿಡುತ್ತದೆ, ಹೆಚ್ಚಿನ ಶಾಖ ತಡೆಯುವ ಬಗೆಯೇ ಬೇಕು. ಹೊಸ ಬ್ಲಾಕಿನ ಅಂಚಿನಲ್ಲಿ ಒಂದಿಷ್ಟು ಹೊಗೆ ಸೋರಿದ ಗುರುತು ಕಂಡರೆ ಗಾಬರಿ ಬೇಕಿಲ್ಲ, ಕೆಲವು ಡಜನ್ ಗುಂಡುಗಳ ಬಳಿಕ ಮಸಿಯೇ ಆ ಸಂದನ್ನು ಮುಚ್ಚುತ್ತದೆ.

ಇಷ್ಟೆಲ್ಲ ಓದಿದ ಮೇಲೆ ನಮ್ಮೂರಿನಲ್ಲಿ ಯಾರಾದರೂ ಇದನ್ನು ಮಾಡಿ ನೋಡಬಹುದೇ ಎಂದು ಕೇಳಿದರೆ ಉತ್ತರ ಚಿಕ್ಕದು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕಿನ ತಯಾರಿಕೆ, ಮಾರಾಟವಷ್ಟೇ ಅಲ್ಲ, ಮಾರ್ಪಾಡು, ದುರಸ್ತಿ, ಪರೀಕ್ಷೆ ಎಲ್ಲಕ್ಕೂ ಪರವಾನಗಿ ಬೇಕು. 2016ರ ನಿಯಮಗಳು ಅರೆಸ್ವಯಂಚಾಲಿತ ರೈಫಲ್‌ಗಳನ್ನು ನಿರ್ಬಂಧಿತ ವರ್ಗದಲ್ಲಿಟ್ಟಿವೆ. ಬೆಂಗಳೂರಿನಲ್ಲಿ ನಗರ ಪೊಲೀಸ್ ಆಯುಕ್ತರ ಕಚೇರಿ ನಾಗರಿಕರಿಗೆ ಕೊಡುವ ಸಾಮಾನ್ಯ ಪರವಾನಗಿಯಲ್ಲಿ ಅವು ಬರುವುದಿಲ್ಲ. 2019ರ ತಿದ್ದುಪಡಿಯ ನಂತರ ಪರವಾನಗಿಯಿಲ್ಲದ ತಯಾರಿಕೆ, ದುರಸ್ತಿ, ಮಾರ್ಪಾಡುಗಳಿಗೆ ಕನಿಷ್ಠ ಏಳು ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ ಇದೆ. ಕೊಡಗಿನ ಮನೆಗಳಲ್ಲಿರುವ ಒಂಟಿನಳಿಗೆ ಜೋಡುನಳಿಗೆ ಕೋವಿಗಳಲ್ಲಿ ಗ್ಯಾಸ್ ಬ್ಲಾಕ್ ಎಂಬ ಭಾಗವೇ ಇಲ್ಲ, ನಮ್ಮ ಕ್ರೀಡಾ ಶೂಟರ್‌ಗಳು ಹೆಚ್ಚಾಗಿ ಬಳಸುವ ಏರ್ ರೈಫಲ್‌ಗಳಲ್ಲೂ ಇಲ್ಲ. ಪೀಣ್ಯದಲ್ಲಿ ಐದು ಅಕ್ಷದ ಯಂತ್ರಗಳಿಗೆ ಬರವಿಲ್ಲ, ಆದರೆ ಸ್ನೇಹಿತರ ಕೆಲಸವೆಂದು ಇಂಥದ್ದನ್ನು ಕೈಗೆತ್ತಿಕೊಳ್ಳುವುದು ಜೈಲಿಗೆ ಡ್ರಾಯಿಂಗ್ ಹಾಕಿದಂತೆ.

ಸೋದರಳಿಯನಿಗೆ ನಾನು ಕೊನೆಗೆ ಬರೆದದ್ದು ಇಷ್ಟು. ಮೊದಲು ಮ್ಯಾಗಜೀನ್ ತೆಗೆದು, ಕೋಣೆ ಖಾಲಿಯಿದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡು. ನಿನ್ನ ಊರಿನ ಪರವಾನಗಿಯುಳ್ಳ ಗನ್‌ಸ್ಮಿತ್‌ಗೆ ಬ್ಲಾಕ್ ಕೂರಿಸಲು ಕೊಡು, ತೂತು ಮುಟ್ಟಬಾರದೆಂದು ಹೇಳು. ಬ್ಲಾಕ್ ಸರಿಯಾದ ಮೇಲೂ ನಿಲ್ಲದಿದ್ದರೆ ಗ್ಯಾಸ್ ಕೊಳವೆ ಹೊಕ್ಕುವ ಕ್ಯಾರಿಯರ್‌ನ ಮೇಲಿನ ಮೂತಿ, ಅಂದರೆ ಗ್ಯಾಸ್ ಕೀ, ಸಡಿಲವಾಗಿದೆಯೇ, ಅನಿಲ ಸೋರದಂತೆ ಬೋಲ್ಟ್‌ಗೆ ಹಾಕಿರುವ ಗ್ಯಾಸ್ ರಿಂಗುಗಳು ಸವೆದಿವೆಯೇ, ಬಫರ್ ತೀರಾ ಭಾರದ್ದೇ ಎಂದು ನೋಡಿಸು. ಪೋರ್ಟ್ ಇವೆಲ್ಲದರ ಕೊನೆಗೆ. ಪರೀಕ್ಷೆಯನ್ನು ನೀನು ಬಳಸುವ ತೋಟಾಗಳಲ್ಲಿ ಎಲ್ಲಕ್ಕಿಂತ ಸಪ್ಪೆಯಾದದ್ದರಿಂದ ಮಾಡು, ಸಾಧ್ಯವಾದರೆ ಚಳಿಯ ಬೆಳಿಗ್ಗೆ, ಏಕೆಂದರೆ ತಣ್ಣನೆಯ ಮದ್ದು ಕಡಿಮೆ ಒತ್ತಡ ಕೊಡುತ್ತದೆ. ಮ್ಯಾಗಜೀನಿಗೆ ಒಂದೇ ತೋಟಾ ಹಾಕಿ ಹಾರಿಸು; ಹತ್ತು ಸಲವೂ ಬೋಲ್ಟ್ ಹಿಂದೆ ನಿಂತರೆ ಮತ್ತೆ ಮುಟ್ಟಬೇಡ.

ಎರಡು ವಾರ ಸುದ್ದಿಯಿರಲಿಲ್ಲ. ಆಮೇಲೆ ಮತ್ತೊಂದು ಫೋಟೋ ಬಂತು, ಬ್ಲಾಕ್ ತಾನಾಗಿ ಜಾರಿದೆಯೇ ಎಂದು ನೋಡಲು ಮತ್ತೊಮ್ಮೆ ಬಿಚ್ಚಿಸಿದ್ದನಂತೆ. ಮೆಟ್ಟಿಲಿನ ಮುಂದೆ ಸಂದಿನ ಗೆರೆ ಕಾಣುತ್ತಿತ್ತು, ತಳದಲ್ಲಿ ಎರಡು ಹೊಸ ಗುಳಿಗಳು ಹೊಳೆಯುತ್ತಿದ್ದವು, ಮಸಿಯ ಉಂಗುರ ಸುತ್ತಲೂ ಒಂದೇ ಅಗಲಕ್ಕಿತ್ತು, ತೂತು ಅದರ ನಡುವೆ ಇತ್ತು.